ಸದಸ್ಯರ ಸ್ವಾಸ್ಥ್ಯ, ಪಂಚಾಯಿತಿಯ ಬಲ

ಗ್ರಾಮ ಪಂಚಾಯಿತಿ ಸದಸ್ಯತ್ವಕ್ಕೆ ಕಚೇರಿ ವೇಳೆ ಎಂಬುದಿಲ್ಲ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತಾಗಲೇ ಬೀದಿದೀಪದ ದೂರು ಬರುತ್ತದೆ. ರಾತ್ರಿ ಊಟಕ್ಕೆ ಕುಳಿತಾಗ ನೀರು ಬಿಟ್ಟಿಲ್ಲವೆಂಬ ಕರೆ ಬರುತ್ತದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಸಾಮಾನ್ಯವಾಗಿ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುತ್ತಾರೆ. ಅಷ್ಟೂ ಜನರಿಗೆ ಸದಸ್ಯರ ಮನೆಯೇ ಮೊದಲ ಕಚೇರಿ. ಇದರ ಜೊತೆಗೆ ಹೊಲ, ಕೂಲಿ, ಅಂಗಡಿ, ಮಕ್ಕಳ ಓದು, ಹಿರಿಯರ ಆರೈಕೆ ಎಲ್ಲವೂ ಇರುತ್ತವೆ.

ಈ ಒತ್ತಡದ ಪರಿಣಾಮ ಮನೆಗಷ್ಟೇ ಸೀಮಿತವಲ್ಲ. ನಿದ್ದೆಗೆಟ್ಟ ಸದಸ್ಯರು ಸಭೆಯಲ್ಲಿ ಬೇಗ ಸಿಟ್ಟಾಗುತ್ತಾರೆ. ಕಾರ್ಯಸೂಚಿ ಓದಲು ಬಿಡುವಿಲ್ಲದವರು ಚರ್ಚಿಸದೆ ಸಹಿ ಮಾಡುತ್ತಾರೆ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಮನೆಗೆಲಸದ ಹೊರೆಯನ್ನು ಯಾರೂ ಹಂಚಿಕೊಳ್ಳದಿದ್ದಾಗ ಸದಸ್ಯೆಯ ಬದಲು ಪತಿಯೋ ಬಂಧುವೋ ಪಂಚಾಯಿತಿ ವ್ಯವಹಾರ ನೋಡಿಕೊಳ್ಳುವ ಪರಿಪಾಠ ಬೆಳೆಯುತ್ತದೆ. ಕಾನೂನು ಕೊಟ್ಟ ಅಧಿಕಾರ ಹೀಗೆ ಸದ್ದಿಲ್ಲದೆ ಕೈತಪ್ಪುತ್ತದೆ. ಆದ್ದರಿಂದ ಸದಸ್ಯರ ದೈನಂದಿನ ಸಮತೋಲನವು ಆಡಳಿತದ ವಿಷಯವೂ ಹೌದು.

ಹೊರೆ ಹಂಚುವುದೇ ನಾಯಕತ್ವ

ಎಲ್ಲ ಕೆಲಸವನ್ನೂ ತಾನೇ ಓಡಾಡಿ ಮಾಡುವವರು ಒಳ್ಳೆಯ ನಾಯಕರೆಂಬ ಭಾವನೆಯಿದೆ. ಅಧಿನಿಯಮದ ಆಶಯ ಬೇರೆ. 61ನೇ ಪ್ರಕರಣದಡಿ ಸ್ಥಾಯಿ ಸಮಿತಿಗಳನ್ನು ರಚಿಸಿರುವುದೇ ಹೊಣೆಯನ್ನು ಹಂಚಿಕೊಳ್ಳಲು. ನೀರಿನ ವಿಷಯವನ್ನೇ ನೋಡಬಹುದು. ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಬರುತ್ತದೆಂಬುದನ್ನು ಗೋಡೆಯ ಮೇಲೆ ಬರೆಸಿ, ದೂರು ಪುಸ್ತಕವನ್ನು ಕಚೇರಿಯಲ್ಲಿರಿಸಿ, ಅದನ್ನು ಸಂಬಂಧಿಸಿದ ಸಮಿತಿಯು ನೀರುಗಂಟಿಯೊಂದಿಗೆ ನಿಯತವಾಗಿ ಪರಿಶೀಲಿಸಿದರೆ ಸದಸ್ಯರಿಗೆ ಬರುವ ಕರೆಗಳು ತಾವಾಗಿಯೇ ಇಳಿಯುತ್ತವೆ. ಒಂದೇ ಬೀದಿಯಿಂದ ಮತ್ತೆ ಮತ್ತೆ ದೂರು ಬಂದಿದ್ದರೆ ದೋಷ ಎಲ್ಲಿದೆಯೆಂಬುದೂ ಆ ಪುಸ್ತಕದಲ್ಲೇ ಕಾಣುತ್ತದೆ.

ತರಬೇತಿಯ ನಂತರದ ಮಾರ್ಗದರ್ಶನ

ತರಬೇತಿಯು ನಿಯಮಗಳನ್ನು ತಿಳಿಸುತ್ತದೆ. ಅವುಗಳನ್ನು ಬಳಸುವ ಧೈರ್ಯ ಒಡನಾಟದ ಮಾರ್ಗದರ್ಶನದಿಂದ ಬರುತ್ತದೆ. ಅನುಭವಿ ಸದಸ್ಯರೊಬ್ಬರು ಮೊದಲ ಬಾರಿ ಆಯ್ಕೆಯಾದವರೊಂದಿಗೆ ಸಭೆಗೆ ಮುನ್ನ ಅರ್ಧ ಗಂಟೆ ಕುಳಿತು ಕಾರ್ಯಸೂಚಿ ಓದಬಹುದು. ಆಗ ಸಲಹೆಗಿಂತ ಪ್ರಶ್ನೆಗಳು ಹೆಚ್ಚು ಉಪಯುಕ್ತ: ಯಾವ ವಿಷಯದ ಮೇಲೆ ಮಾತನಾಡುವಿರಿ? ಅದಕ್ಕೆ ಯಾವ ದಾಖಲೆ ಬೇಕು? ಅಡ್ಡಿ ಬಂದರೆ ಏನು ಮಾಡುವಿರಿ? ಸಭೆಯ ನಂತರ, ಹೇಳಿದ ಮಾತು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಇಬ್ಬರೂ ನೋಡಬೇಕು. ಉತ್ತರವನ್ನು ತಾವೇ ಕಂಡುಕೊಂಡವರು ಮುಂದಿನ ಸಭೆಯಲ್ಲಿ ಯಾರ ಮುಖವನ್ನೂ ನೋಡದೆ ಮಾತನಾಡುತ್ತಾರೆ.

ದೇಹ ಮತ್ತು ಮನಸ್ಸಿನ ಆರೈಕೆ

ಅಧಿಕ ರಕ್ತದೊತ್ತಡವು ಬಹುಪಾಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. 30 ವರ್ಷ ದಾಟಿದವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಹಾಗೂ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆಯಂತಹ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿದ್ದೆ ಬಾರದಿರುವುದು, ಕಾರಣವಿಲ್ಲದ ಬೇಸರ, ಮದ್ಯದ ಮೊರೆಹೋಗುವುದು ವಾರಗಟ್ಟಲೆ ಮುಂದುವರಿದರೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ. ದಿನದ 24 ಗಂಟೆಯೂ ಲಭ್ಯ. ಸಹಾಯ ಕೇಳುವುದರಿಂದ ಸ್ಥಾನದ ಗೌರವಕ್ಕೆ ಕುಂದಿಲ್ಲ.

ಮುಂದಿನ ಸಭೆಯೊಳಗೆ ಪ್ರತಿ ಪಂಚಾಯಿತಿಯಲ್ಲಿ ಮೂರು ಕೆಲಸಗಳು ಆಗಬಹುದು: ಕರೆ ಸ್ವೀಕರಿಸುವ ವೇಳೆಯನ್ನು ಸದಸ್ಯರು ವಾರ್ಡಿನ ಜನರಿಗೆ ತಿಳಿಸುವುದು, ತುಂಡಾದ ವಿದ್ಯುತ್ ತಂತಿ ಅಥವಾ ಕಲುಷಿತ ನೀರಿನಂತಹ ತುರ್ತಿಗೆ ಮಾತ್ರ ವಿನಾಯಿತಿ ಇರಿಸುವುದು; ಹೊಸ ಸದಸ್ಯರಿಗೆ ಒಬ್ಬೊಬ್ಬ ಜೊತೆಗಾರರನ್ನು ಗೊತ್ತುಪಡಿಸುವುದು; ಸಭೆಯ ದಿನದ ಮನೆಗೆಲಸ ಯಾರದೆಂದು ಕುಟುಂಬದಲ್ಲಿ ಮೊದಲೇ ಮಾತನಾಡಿಕೊಳ್ಳುವುದು. ಇವಕ್ಕೆ ಅನುದಾನ ಬೇಕಿಲ್ಲ. ಐದು ವರ್ಷಗಳ ಅವಧಿಯುದ್ದಕ್ಕೂ ಸದಸ್ಯರು ದಣಿಯದೆ ದುಡಿಯಲು ಇವು ನೆರವಾಗುತ್ತವೆ.