ನೆನೆದ ಕ್ಯಾಮೆರಾ

ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೋಡಿದ್ದೀರಲ್ಲ? ನೀರು ಹಾಕದಿದ್ದರೂ ಉಪ್ಪು ಒದ್ದೆ. ಹಪ್ಪಳ ಮೆತ್ತಗೆ. ಗಾಳಿಯಲ್ಲಿ ತೇವ ಇರುತ್ತದೆ. ಆ ತೇವ ಕ್ಯಾಮೆರಾದ ಒಳಗೂ ಹೋಗುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಫೋಟೋ ತೆಗೆಯುತ್ತಾರೆ. ತೀರ್ಥಹಳ್ಳಿ ಕಡೆಯವರು. ಅಲ್ಲಿಯ ಮಳೆ ಕೇಳಬೇಕೇ? ಸಂಘದಲ್ಲಿ ಸಾಲ ಮಾಡಿ ಕ್ಯಾಮೆರಾ ಕೊಂಡಿದ್ದರು. ಶ್ರಾವಣದಲ್ಲಿ ಒಂದು ನಾಮಕರಣಕ್ಕೆ ಹೋದಾಗ ಎರಚಲು ಹೊಡೆದು ಅದು ನೆನೆಯಿತು. "ಒಲೆ ಹತ್ರ ಇಡಿ, ಬೇಗ ಒಣಗ್ತದೆ" ಅಂದ್ವಿ. ಹೌದು, ಹೇಳಿದವರು ನಾವೇ.

ಬೆಳಿಗ್ಗೆ ನೋಡಿದರೆ ಲೆನ್ಸಿನ ಒಳಗೆ ಮಂಜು. ಲೆನ್ಸ್ ಎಂದರೆ ಕ್ಯಾಮೆರಾದ ಮುಂದಿನ ಗಾಜು. ಸ್ವಲ್ಪ ದಿನ ಕಳೆಯಿತು. ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆ ಬಂತು. ಅದು ಬೂಷ್ಟು. ಫೋಟೋಗೆ ಕರೆಯುವವರು ನಿಂತರು. ಸಾಲದ ಕಂತು ನಿಲ್ಲಲಿಲ್ಲ.

ಬಿಸಿ ಏಕೆ ಬೇಡ? ಬಿಸಿಗೆ ನೀರು ಆವಿಯಾಗುತ್ತದೆ. ಹೊರಗೆ ಬರಲು ದಾರಿ ಸಾಲದು. ಆವಿ ಒಳಗೊಳಗೇ ಹೋಗಿ ತಣ್ಣಗಿನ ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ. ಅನ್ನದ ಪಾತ್ರೆಯ ಮುಚ್ಚಳ ನೆನಪಿಸಿಕೊಳ್ಳಿ. ಒಳಗಿನ ಅಂಟು, ಎಣ್ಣೆ, ಪ್ಲಾಸ್ಟಿಕ್ ಕೂಡ ಬಿಸಿಗೆ ಕೆಡಬಹುದು. ಸುಡುಬಿಸಿಲೂ ಬೇಡ.

ಮತ್ತೇನು ಮಾಡೋದು? ಮೊದಲು ಕ್ಯಾಮೆರಾ ಆಫ್ ಮಾಡಿ. ಕೆಲಸ ಮಾಡ್ತದಾ ಅಂತ ಮತ್ತೆ ಒತ್ತಿ ನೋಡಬೇಡಿ. ಬ್ಯಾಟರಿ, ಕಾರ್ಡ್ ತೆಗೆಯಿರಿ. ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಮೇಲಿನ ನೀರು ಒತ್ತಿ ತೆಗೆಯಿರಿ. ಸ್ವಲ್ಪ ಹೊತ್ತು ಫ್ಯಾನಿನ ಗಾಳಿಗೆ ಇಡಿ.

ಹೊಸ ಚಪ್ಪಲಿ, ಬ್ಯಾಗಿನ ಜೊತೆ ಪುಟ್ಟ ಪೊಟ್ಟಣ ಬರುತ್ತದಲ್ಲ? ಒಳಗೆ ಸಾಬಕ್ಕಿಯಂಥ ಕಾಳು. ಅದರ ಹೆಸರು ಸಿಲಿಕಾ ಜೆಲ್. ಆ ಕಾಳಿನ ತುಂಬ ಕಣ್ಣಿಗೆ ಕಾಣದ ತೂತುಗಳು. ತೇವ ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಒಂದೆರಡು ಪುಟ್ಟ ಪೊಟ್ಟಣ ಸಾಲದು, ಹೆಚ್ಚು ಬೇಕು. ಕ್ಯಾಮೆರಾ ಅಂಗಡಿಯಲ್ಲೂ ಸಿಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪೊಟ್ಟಣಗಳ ಜೊತೆ ಕ್ಯಾಮೆರಾ ಇಟ್ಟು ಮುಚ್ಚಿ. ಎರಡು ಮೂರು ದಿನ ಬಿಡಿ. ಆಗಾಗ ತೆರೆದು ನೋಡಿದರೆ ಹೊರಗಿನ ತೇವ ಒಳಗೆ ಬರುತ್ತದೆ. ಕೆಲವು ಕಾಳು ನೀಲಿ ಇರುತ್ತವೆ. ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಪೊಟ್ಟಣ ಬದಲಿಸಿ. ಆ ನೀಲಿ ಬಣ್ಣ ವಿಷ. ಮಕ್ಕಳ ಕೈಗೆ ಸಿಗಬಾರದು.

ಅಕ್ಕಿಯಲ್ಲಿ ಹೂತಿಡಿ ಅನ್ನೋರೂ ಇದ್ದಾರೆ. ಅಕ್ಕಿಯ ದೂಳು ಸಂದಿಗೆ ಸೇರುತ್ತದೆ. ಮೊಬೈಲಿಗೂ ಅಷ್ಟೇ. ನೆನೆದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ 2024ರಲ್ಲಿ ಹೇಳಿತು.

ಬೂಷ್ಟು ಬಂದ ಮೇಲೆ ಒಣಗಿಸಿದರೆ ಅದು ಹೋಗುವುದಿಲ್ಲ. ಹಾಗೇ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಬೇಗ ರಿಪೇರಿಯವರಿಗೆ ಕೊಡಬೇಕು. ಸಮುದ್ರದ ಉಪ್ಪುನೀರು ಬಿದ್ದರೂ ಹಾಗೆಯೇ.

ಅಕ್ಕನ ಲೆನ್ಸ್ ರಿಪೇರಿಯಾಗಿ ಬಂತು. ಕ್ಯಾಮೆರಾ ಈಗ ಡಬ್ಬಿಯಲ್ಲೇ ಇರುತ್ತದೆ. "ಉಪ್ಪಿನ ಡಬ್ಬಿಗೂ ಒಂದು ಪೊಟ್ಟಣ ಹಾಕ್ಲಾ?" ಎಂದು ಮೊನ್ನೆ ಕೇಳಿದರು. ತಿನ್ನುವುದಕ್ಕೆ ಅದು ಬೇಡವೇ ಬೇಡ ಎಂದೆವು. ಉಪ್ಪಿಗೆ ನಾಲ್ಕು ಕಾಳು ಅಕ್ಕಿ ಹಾಕಿ ಸಾಕು.