ಸೇವೆಗೆ ಬಂದವರನ್ನು ಯಾರು ಕೇಳಬೇಕು?

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಹೊಸ ನಿಯಮಗಳು ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2020ರ ಮಾರ್ಚ್ 9ರಂದು. ಎರಡು ವಾರ ಕಳೆಯುತ್ತಲೇ ಲಾಕ್‌ಡೌನ್ ಬಂತು. ಶಾಲೆಗೆ ಬೀಗ, ಗುಡಿ ಚರ್ಚು ಮಸೀದಿಗೂ ಬೀಗ, ಹಾಸ್ಟೆಲ್ ಮಕ್ಕಳು ಊರಿಗೆ. ಮೂರನೆಯ ನಿಯಮದ ನಾಲ್ಕನೆಯ ಉಪನಿಯಮ ಸುದ್ದಿಯಾಗುವ ಹೊತ್ತಲ್ಲ ಅದು. ಅದರ ಸಾರ ಇಷ್ಟು: ಮಕ್ಕಳನ್ನು ಇರಿಸಿಕೊಂಡಿರುವ ಅಥವಾ ಮಕ್ಕಳ ಒಡನಾಟ ನಿತ್ಯವಿರುವ ಯಾವುದೇ ಸಂಸ್ಥೆ ತನ್ನ ಪ್ರತಿಯೊಬ್ಬ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕು. ಪಾಠ ಹೇಳುವವರಾಗಲಿ, ಅಡುಗೆ ಮಾಡುವವರಾಗಲಿ, ಕಾಯಂ ಆಗಲಿ, ಗುತ್ತಿಗೆಯಾಗಲಿ, ಯಾರಿಗೂ ವಿನಾಯಿತಿ ಇಲ್ಲ.

ಓದಲು ಸಾದಾ ಮಾತು. ಆದರೆ ಈ ಸಾದಾ ಮಾತನ್ನು ಕಂಡುಕೊಳ್ಳಲು ಜಗತ್ತಿಗೆ ಮೂವತ್ತೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದರ ಒಂದೊಂದು ಭಾಗವೂ ಯಾವುದೋ ಮಗುವಿಗೆ ಕೇಡಾದ ಮೇಲೆ ಹೊಳೆದದ್ದು.

1983ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕು ವರ್ಷದ ಒಂದು ಹುಡುಗಿಯ ಕೊಲೆಯಾಯಿತು. ಕೊಂದವನಿಗೆ ಮಕ್ಕಳ ಮೇಲಿನ ಅಪರಾಧಗಳಿಗಾಗಿ ಹಿಂದೆಯೇ ಶಿಕ್ಷೆಯಾಗಿತ್ತು. ಅಂಥವನು ಸ್ವಯಂಸೇವೆಯ ಹೆಸರಿನಲ್ಲಿ ಮಕ್ಕಳಿರುವ ಮನೆಗಳೊಳಗೆ ಓಡಾಡಿಕೊಂಡಿದ್ದ. ಪೊಲೀಸರ ಬಳಿ ಕಡತವಿತ್ತು. ಆದರೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ, ಹೇಳುವ ದಾರಿಯೂ ಇರಲಿಲ್ಲ. 1986ರಲ್ಲಿ ಅಲ್ಲಿನ ಗೃಹ ಇಲಾಖೆ ಸುತ್ತೋಲೆ ಹೊರಡಿಸಿತು. ಮಕ್ಕಳ ನಡುವೆ ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಪೊಲೀಸ್ ದಾಖಲೆ ನೋಡುವ ವ್ಯವಸ್ಥೆ ಹುಟ್ಟಿದ್ದು ಹೀಗೆ.

ಅಷ್ಟು ಸಾಲದೆಂದು ತಿಳಿದದ್ದು 2002ರಲ್ಲಿ, ಇಂಗ್ಲೆಂಡಿನದೇ ಸೋಹಮ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿ ಇಬ್ಬರು ಹತ್ತು ವರ್ಷದ ಹುಡುಗಿಯರನ್ನು ಕೊಂದವನು ಶಾಲೆಯೊಂದರ ಕೇರ್‌ಟೇಕರ್. ಕೆಲಸಕ್ಕೆ ಸೇರುವಾಗ ಅವನ ಪರಿಶೀಲನೆಯೂ ಆಗಿತ್ತು. ಆದರೆ ಅವನು ಬೇರೆ ಕುಲನಾಮದಲ್ಲಿ ಅರ್ಜಿ ಹಾಕಿದ್ದ, ಹುಡುಕಾಟ ಆ ಒಂದು ಹೆಸರಿನಲ್ಲಷ್ಟೇ ನಡೆದಿತ್ತು. ಸರ್ ಮೈಕೇಲ್ ಬಿಚರ್ಡ್ 2004ರಲ್ಲಿ ಕೊಟ್ಟ ವಿಚಾರಣಾ ವರದಿಯ ಪ್ರಕಾರ, 1995ರಿಂದ 1999ರ ನಡುವೆ ಎಂಟು ಲೈಂಗಿಕ ಅಪರಾಧಗಳ ದೂರುಗಳಲ್ಲಿ ಅವನ ಹೆಸರು ಇನ್ನೊಂದು ಕೌಂಟಿಯ ಪೊಲೀಸರ ಮುಂದೆ ಬಂದಿತ್ತು. ಒಂದರಲ್ಲೂ ಶಿಕ್ಷೆಯಾಗಿರಲಿಲ್ಲ. ದೂರುಗಳನ್ನು ಒಟ್ಟಿಗಿಟ್ಟು ನೋಡಿದವರೇ ಇರಲಿಲ್ಲ. ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳುವ ಪರಿಶೀಲನೆ ಅರ್ಧ ಕುರುಡು ಎಂಬುದು ಅಲ್ಲಿ ಸಾಬೀತಾಯಿತು. ಇಂದಿನ ಬ್ರಿಟನ್ನಿನ ಕಾಯ್ದೆಯ ಬೇರು ಆ ವರದಿಯಲ್ಲಿದೆ.

ಧಾರ್ಮಿಕ ಸಂಸ್ಥೆಗಳ ಸರದಿ ಬಂದದ್ದು ತಡವಾಗಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳೊಡನೆ ಕೆಲಸ ಮಾಡುವವರಿಗೆ ತಪಾಸಣಾ ಕಾರ್ಡ್ ಕಡ್ಡಾಯ ಮಾಡುವ ಕಾಯ್ದೆ 2005ರಲ್ಲೇ ಬಂದಿತ್ತು. ಆದರೆ ಪೂಜೆ ನಡೆಸುವ, ಪ್ರವಚನ ಹೇಳುವ ಧರ್ಮಗುರು ಮಾಡುವುದು 'ಮಕ್ಕಳೊಡನೆ ಕೆಲಸ'ವೇ? ಈ ಪ್ರಶ್ನೆಗೆ ಕಾಯ್ದೆಯಲ್ಲಿ ನೇರ ಉತ್ತರವಿರಲಿಲ್ಲ. 2013ರ ನವೆಂಬರ್‌ನಲ್ಲಿ ರಾಜ್ಯ ಸಂಸತ್ತಿನ ಸಮಿತಿಯೊಂದು 'ಬಿಟ್ರೇಯಲ್ ಆಫ್ ಟ್ರಸ್ಟ್' ಎಂಬ ವರದಿ ಮಂಡಿಸಿತು. ಹತ್ತಾರು ವರ್ಷ ಚರ್ಚುಗಳು ಮುಚ್ಚಿಟ್ಟದ್ದನ್ನು, ದೂರು ಬಂದ ಪಾದ್ರಿಯನ್ನು ಊರಿಂದ ಊರಿಗೆ ವರ್ಗ ಮಾಡಿದ್ದನ್ನು ನೊಂದವರ ಬಾಯಲ್ಲೇ ಕೇಳಿ ಬರೆದ ವರದಿ ಅದು. ಮರುವರ್ಷ ಕಾಯ್ದೆಗೆ ತಿದ್ದುಪಡಿಯಾಯಿತು. ಮಕ್ಕಳೊಂದಿಗಿನ ಸಂಪರ್ಕ ತೀರಾ ಅಪರೂಪದ್ದು, ಆಕಸ್ಮಿಕವಾದದ್ದು ಎಂದಾದರೆ ಮಾತ್ರ ಬಿಡುಗಡೆ; ಉಳಿದ ಧರ್ಮಗುರುಗಳೆಲ್ಲ, ಯಾವ ಧರ್ಮದವರೇ ಆಗಲಿ, ಕಾರ್ಡ್ ಪಡೆಯಲೇಬೇಕು.

ಇದು ಕ್ರೈಸ್ತರ ಪಾಡು ಎಂದು ನಾವು ಪಕ್ಕಕ್ಕಿಡುವಂತಿಲ್ಲ. ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ವಿಚಾರಣೆಗೆಂದು ಅದೇ ಕಾಲದಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ 57 ಪ್ರಕರಣಗಳನ್ನು ಬಹಿರಂಗವಾಗಿ ವಿಚಾರಿಸಿತು. ಅದರಲ್ಲಿ 21ನೆಯದು ಮ್ಯಾಂಗ್ರೋವ್ ಮೌಂಟನ್‌ನ ಸತ್ಯಾನಂದ ಯೋಗಾಶ್ರಮದ್ದು, ಎಪ್ಪತ್ತು ಎಂಬತ್ತರ ದಶಕದಲ್ಲಿ ಅಲ್ಲಿ ಬೆಳೆದ ಮಕ್ಕಳದ್ದು. 2014ರ ಡಿಸೆಂಬರ್‌ನಲ್ಲಿ, ನಡುವಯಸ್ಸಿನಲ್ಲಿ, ಅವರು ಸಾಕ್ಷಿ ಹೇಳಿದರು. ಕಾವಿಯಾಗಲಿ, ಬಿಳಿ ನಿಲುವಂಗಿಯಾಗಲಿ, ಮಕ್ಕಳ ಬಾಯಿ ಕಟ್ಟಿದ ರೀತಿ ಒಂದೇ. ಗುರುವಿನ ಮೇಲೆ ದೂರು ಹೇಳಿದರೆ ನಂಬುವವರಾರು?

ನಮ್ಮಲ್ಲಿ ಈ ಪರಿಶೀಲನೆಯ ಪ್ರಶ್ನೆ ಬೇರೆ ಬಾಗಿಲಿನಿಂದ ಬಂತು. 2007ರಲ್ಲಿ ತಮಿಳುನಾಡಿನ ಮಹಾಬಲಿಪುರದ ಅನಾಥಾಲಯಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ಓದಿ ಒಬ್ಬ ನಾಗರಿಕರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಸುಪ್ರೀಂ ಕೋರ್ಟ್ ಅದನ್ನೇ ಅರ್ಜಿಯೆಂದು ತೆಗೆದುಕೊಂಡಿತು. ತೀರ್ಪು ಬಂದದ್ದು 2017ರ ಮೇ 5ರಂದು. ಆ ವರ್ಷ ಮುಗಿಯುವುದರೊಳಗೆ ದೇಶದ ಎಲ್ಲ ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿ ಆಗಬೇಕೆಂದು ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ ಆದೇಶಿಸಿತು. ಕೇಂದ್ರ ಸರ್ಕಾರ ಆ ಹೊತ್ತಿಗೆ ದೇಶಾದ್ಯಂತ ಲೆಕ್ಕ ಹಾಕಿಸಿದಾಗ ಸಿಕ್ಕಿದ್ದು 9,589 ಸಂಸ್ಥೆಗಳು, ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು. ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದ್ದವು ನೂರಕ್ಕೆ 32 ಮಾತ್ರ. ನೋಂದಣಿಯೇ ಇಲ್ಲದ ಕಡೆ ಸಿಬ್ಬಂದಿಯ ಪೂರ್ವಾಪರ ಕೇಳುವವರು ಯಾರು?

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಾಯ್ದೆಯೊಳಗಿನ ಒಂದು ಬಿರುಕು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಕಾಣುತ್ತದೆ. 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಜಾರಿಗೆ ಬಂದ ಪೋಕ್ಸೊ ಕಾಯ್ದೆ ಧಾರ್ಮಿಕ ಸಂಸ್ಥೆಯನ್ನು ಹೆಸರಿಟ್ಟೇ ಕರೆಯುತ್ತದೆ. ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವರು, ಸಿಬ್ಬಂದಿ, ಆ ಸಂಸ್ಥೆಯ ಮಗುವಿನ ಮೇಲೆ ದೌರ್ಜನ್ಯ ಎಸಗಿದರೆ 5 ಮತ್ತು 9ನೆಯ ಸೆಕ್ಷನ್‌ಗಳ ಪ್ರಕಾರ ಅದು ಗುರುತರ ಅಪರಾಧ, ಅದಕ್ಕೆ ಶಿಕ್ಷೆಯೂ ಹೆಚ್ಚು. ಅಪರಾಧವಾದ ಮೇಲಿನ ಮಾತು ಇದು. ಅಪರಾಧಕ್ಕೆ ಮುಂಚಿನ ಮಾತು 2020ರ ನಿಯಮದಲ್ಲಿದೆ. ಅಲ್ಲಿ ಹೆಸರಿಸಿರುವುದು ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ, ಆಮೇಲೆ 'ಮಕ್ಕಳ ಇತರ ಯಾವುದೇ ಸೌಲಭ್ಯ'. ಪರಿಶೀಲನೆಗೆ ಒಳಪಡುವವರು ಸಿಬ್ಬಂದಿ ಮತ್ತು ನೌಕರರು. ಮಠದ ಸ್ವಾಮಿಗಳು ಯಾರ ನೌಕರರು? ಭಾನುವಾರ ಸಂಡೇ ಸ್ಕೂಲಿನಲ್ಲಿ ಬೈಬಲ್ ಕತೆ ಹೇಳುವ ಯುವಕನಿಗೆ ಸಂಬಳವಿಲ್ಲ. ಗುಡಿಯಲ್ಲಿ ಶ್ಲೋಕ ಕಲಿಸುವ ನಿವೃತ್ತರು ಬರುವುದು ಸೇವೆಗೆ. ಶಿಕ್ಷಿಸುವಾಗ ಕಾಯ್ದೆಗೆ ಕಂಡ ಮನುಷ್ಯ, ತಡೆಯುವಾಗ ನಿಯಮದ ಕಣ್ಣಿಗೆ ಬೀಳದೆ ಹೋಗಬಹುದು.

ಬೆಂಗಳೂರಿನ ಪಶ್ಚಿಮ ಭಾಗ ಬಲ್ಲವರಿಗೆ ಇದರ ಅಗಲ ಗೊತ್ತು. ರಾಜಾಜಿನಗರದ ಬ್ಲಾಕುಗಳ ಗುಡಿಗಳಲ್ಲಿ ಸಂಜೆಯ ಭಜನೆ ಪಾಠ, ಬಸವೇಶ್ವರನಗರದಲ್ಲಿ ವಚನ ಗಾಯನ, ವಿಜಯನಗರದ ಸುತ್ತಮುತ್ತ ಹಳ್ಳಿಗಳಿಂದ ಓದಲು ಬಂದ ಮಕ್ಕಳ ಸಮುದಾಯ ಹಾಸ್ಟೆಲುಗಳು, ಒಂದೆರಡು ರಸ್ತೆ ದಾಟಿದರೆ ಮದರಸಾ, ಕೆಂಗೇರಿ ಕಡೆ ಕ್ರೈಸ್ತ ಸಭೆಗಳ ವಸತಿಶಾಲೆಗಳು. ಏಪ್ರಿಲ್ ಬಂದರೆ ಎಲ್ಲೆಲ್ಲೂ ಬೇಸಿಗೆ ಶಿಬಿರದ ಬ್ಯಾನರು. ಇದರಲ್ಲಿ ಬಹುಪಾಲು ಪ್ರೀತಿಯಿಂದ ನಡೆಯುವ ಕೆಲಸ. ತುಮಕೂರಿನ ಸಿದ್ಧಗಂಗೆಯಂಥ ಮಠ ಸುಮಾರು 10,000 ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ನಾಡಿದು. ಆ ದಾಸೋಹ ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಿರಲಿಲ್ಲ. ಅಂಥ ಪರಂಪರೆಯ ಮೇಲೆ ನನಗೆ ಗೌರವ ಇರುವುದರಿಂದಲೇ ಅದರ ಬಾಗಿಲಲ್ಲಿ ತಪಾಸಣೆ ಇರಬೇಕು ಎನ್ನುತ್ತೇನೆ.

2022ರಲ್ಲಿ ಚಿತ್ರದುರ್ಗದ ಮುರುಘಾ ಮಠದ ವಿದ್ಯಾರ್ಥಿನಿಲಯದ ಬಾಲಕಿಯರ ಲೈಂಗಿಕ ದೌರ್ಜನ್ಯದ ದೂರು ದಾಖಲಾದದ್ದು ಚಿತ್ರದುರ್ಗದಲ್ಲಲ್ಲ. ಮೈಸೂರಿನ ಒಡನಾಡಿ ಸಂಸ್ಥೆಯ ನೆರವಿನಿಂದ, ಆಗಸ್ಟ್ 26ರಂದು, ನಜರಬಾದ್ ಠಾಣೆಯಲ್ಲಿ. ಸೆಪ್ಟೆಂಬರ್ 1ರಂದು ಮಠದ ಪೀಠಾಧಿಪತಿಗಳ ಬಂಧನವಾಯಿತು. 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯ ಆ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು. ತೀರ್ಪಿನ ಆಚೆಗೂ ಉಳಿಯುವ ವಿಷಯ ಒಂದಿದೆ. ಮಠದ ಹಾಸ್ಟೆಲಿನ ಮಗು ಏನಾದರೂ ಹೇಳಬೇಕೆಂದರೆ ಹೇಳಲು ಹತ್ತಿರದಲ್ಲೇ ಒಬ್ಬರಿರಬೇಕು, ಆ ಒಬ್ಬರು ಮಠದ ಅಧೀನದವರಾಗಿರಬಾರದು. ಪೊಲೀಸ್ ಪರಿಶೀಲನೆ ಸಿಕ್ಕಿಬಿದ್ದವರನ್ನಷ್ಟೇ ತೋರಿಸುತ್ತದೆ. ರಾಯಲ್ ಕಮಿಷನ್ ಕೂಡ 2015ರ ವರದಿಯಲ್ಲಿ ಇದನ್ನೇ ಎಚ್ಚರಿಸಿತು: ಕಾರ್ಡಿದೆ ಎಂದು ನಿಶ್ಚಿಂತರಾಗಬೇಡಿ, ಅದೊಂದರಿಂದಲೇ ಮಕ್ಕಳು ಸುರಕ್ಷಿತರಾಗುವುದಿಲ್ಲ.

ಹಾಗೆಂದು ಕಾರ್ಡು ಬೇಡವೆಂದಲ್ಲ. ವಿಕ್ಟೋರಿಯಾದ ಮೆಲ್ಬರ್ನ್‌ನಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ನಿಯಮಿತವಾಗಿ ಮಕ್ಕಳಿಗೆ ಅಕ್ಷರ ತಿದ್ದಿಸುವ ನಮ್ಮವರೂ ಅದನ್ನು ಪಡೆಯಬೇಕು. ಸ್ವಯಂಸೇವಕರಿಗೆ ಶುಲ್ಕವಿಲ್ಲ, ಅವಧಿ ಐದು ವರ್ಷ. ಅದೇ ವ್ಯಕ್ತಿ ರಜೆಗೆ ಬೆಂಗಳೂರಿಗೆ ಬಂದು ಬಡಾವಣೆಯ ಶಿಬಿರದಲ್ಲಿ ಕತೆ ಹೇಳಲು ಕೂತರೆ ಇಲ್ಲಿ ಅಂಥ ಕಾರ್ಡೇ ಇಲ್ಲ. ಆದರೂ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಕೇಳುವ ಮನಸ್ಸು ಮಾತ್ರ ಸಮಿತಿಗಳಿಗೆ ಬರಬೇಕು.

ಕಾಯ್ದೆಯ ಬಿರುಕು ಮುಚ್ಚಲು ದೆಹಲಿಯ ದಾರಿ ಕಾಯಬೇಕಾಗಿಯೂ ಇಲ್ಲ. ಅದೇ ಮೂರನೆಯ ನಿಯಮದ ಐದನೆಯ ಉಪನಿಯಮ ರಾಜ್ಯಗಳಿಗೆ ಮಕ್ಕಳ ರಕ್ಷಣಾ ನೀತಿ ರೂಪಿಸಲು ಹೇಳುತ್ತದೆ. ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪಿಕೊಳ್ಳಬೇಕು. ಇಲ್ಲಿ ನೌಕರ ಎಂಬ ಪದದ ಬೇಲಿ ಇಲ್ಲ. ಶಾಲೆಗಳನ್ನು ಕುರಿತ ಮಕ್ಕಳ ರಕ್ಷಣಾ ನೀತಿ ಕರ್ನಾಟಕದಲ್ಲಿ 2016ರಲ್ಲೇ ಬಂದಿದೆ. ಅದಕ್ಕೆ ಮಠ, ಮಂದಿರ, ಮಸೀದಿ, ಚರ್ಚುಗಳನ್ನು ಹೆಸರಿಸುವ ಒಂದು ಅಧ್ಯಾಯ ಸೇರಬೇಕು. ಸಂಬಳ ಪಡೆಯುವವರ ಜೊತೆಗೆ ಸೇವೆಗೆ ಬರುವವರೂ, ಪೀಠದಲ್ಲಿ ಕೂರುವವರೂ ಅದರೊಳಗೆ ಬರಬೇಕು.