ತಮಟೆ ಸದ್ದು ಬೇಕು, ತಮಟೆಯವರು ಬೇಡವೇ?

ಈ ಸಲದ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನಾನು ಕೀಬೋರ್ಡ್ ನುಡಿಸುತ್ತಿದ್ದೆ. ಕುಣಿಯುವ ಹಾಡು ಶುರುವಾದಾಗ ಎಡಗೈಯಲ್ಲಿ ಮೂರು ಕೀ ಒತ್ತಿದೆ, ತಮಟೆ ಮೊಳಗಿತು. ಹುಡುಗರು ಶಿಳ್ಳೆ ಹೊಡೆದರು. ಜನರ ನಡುವೆ ನಿಂತಿದ್ದ ಹಿರಿಯರೊಬ್ಬರು ಮಾತ್ರ ಕುಣಿಯಲಿಲ್ಲ. ಅದು ಅವರದೇ ತಮಟೆ. ಎರಡು ವರ್ಷದ ಹಿಂದೆ ಅವರ ಕೇರಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದವನು ನಾನೇ. ಅಲ್ಲಿಯವರೆಗೆ ಇದೇ ವೇದಿಕೆಗೆ ಅವರನ್ನು ಕರೆಯುತ್ತಿದ್ದರು. ಈಗ ಕರೆಯೋದಿಲ್ಲ. "ಕೀಬೋರ್ಡಲ್ಲೇ ಬರುತ್ತಲ್ಲ ಗುರು" ಅಂತಾರೆ ಸಂಘಟಕರು.

ಇದರಲ್ಲಿ ನನ್ನ ಪಾಲೇನು ಅಂತ ಹೇಳಬೇಕಾದರೆ, ಸ್ಯಾಂಪಲ್ ಹೇಗೆ ತಯಾರಾಗುತ್ತೆ ಅನ್ನೋದನ್ನ ಮೊದಲು ಹೇಳಬೇಕು.

ಸ್ಯಾಂಪಲ್ ಅಂದರೆ ನಿಜವಾದ ಸದ್ದಿನ ಒಂದು ತುಣುಕು. ಸಿಡಿ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಬಾರಿ ಆ ಸದ್ದನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಲಾಗುತ್ತೆ. ಒಂದು ನಿಮಿಷದ ಸ್ಟೀರಿಯೋ ಸದ್ದಿಗೆ ಸುಮಾರು 10 ಎಂಬಿ ಬೇಕು. ಕೀಬೋರ್ಡಿನ ಮೆಮೊರಿ ಸೀಮಿತ. ಹಾಗಾಗಿ ತಮಟೆಯಂಥ ಒಂಟಿ ಏಟನ್ನು ಮೋನೋದಲ್ಲಿ ಇಟ್ಟುಕೊಳ್ಳುತ್ತೇವೆ, ಅರ್ಧ ಜಾಗ ಉಳಿಯುತ್ತೆ.

ಆಮೇಲೆ ಕತ್ತರಿ ಕೆಲಸ. ಕೀ ಒತ್ತಿದ ಕ್ಷಣವೇ ಸದ್ದು ಬರಬೇಕು, ಅದಕ್ಕೆ ಏಟಿನ ಹಿಂದಿರೋದನ್ನೆಲ್ಲ ತೆಗೆಯಬೇಕು. ಅಲೆ ಸೊನ್ನೆ ಗೆರೆಯನ್ನು ದಾಟುವ ಜಾಗದಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ 'ಟಿಕ್' ಅಂತ ಕೇಳುತ್ತೆ. ಕೊಳಲಿನ ಹಾಗೆ ಉದ್ದಕ್ಕೆ ನಿಲ್ಲುವ ಸ್ವರವಾದರೆ ನಡುವಿನ ಒಂದು ಭಾಗವನ್ನು ಲೂಪ್ ಮಾಡಬೇಕು. ತಮಟೆಗೆ ಅದು ಬೇಡ.

ಮುಂದಿನದು, ಯಾವ ಕೀಗೆ ಯಾವ ಸದ್ದು ಅನ್ನೋದು. ಒಂದೇ ಏಟನ್ನು ಇಡೀ ಕೀಬೋರ್ಡಿಗೆ ಹರಡಿದರೆ, ಒಂದು ಸ್ಥಾಯಿ ಮೇಲಕ್ಕೆ ಹೋದಾಗ ಅದು ಎರಡರಷ್ಟು ವೇಗದಲ್ಲಿ ಓಡಿ ಅರ್ಧ ಸಮಯಕ್ಕೇ ಮುಗಿದುಬಿಡುತ್ತೆ, ಆಟಿಕೆ ಸದ್ದಿನ ಹಾಗೆ ಕೇಳುತ್ತೆ. ಅದಕ್ಕೇ ಮೆಲ್ಲನೆ ಹೊಡೆದ ಏಟು, ಜೋರು ಏಟು, ಅಂಚಿನ ಏಟು ಎಲ್ಲವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ, ಬೆರಳಿನ ಒತ್ತಡಕ್ಕೆ ತಕ್ಕಂತೆ ಜೋಡಿಸಬೇಕು. ಕೊನೆಗೆ ಹೆಸರು ಕೊಟ್ಟು ಸೇವ್ ಮಾಡಬೇಕು. ನಾನು ಕೊಟ್ಟ ಹೆಸರು 'ತಮಟೆ 1'.

ಈಗ ಅನಿಸುತ್ತೆ, ನಾನು ಕತ್ತರಿಸಿದ್ದು ಬರೀ ಮೌನವನ್ನಲ್ಲ. ಚರ್ಮ ಬಿಗಿಯಾಗಲಿ ಅಂತ ಬೆಂಕಿಗೆ ಕಾಯಿಸಿದ ಸದ್ದು, ಅವರು ಕೆಮ್ಮಿದ್ದು, "ಹೂಂ, ಶುರು ಮಾಡ್ಲಾ?" ಅಂತ ಕೇಳಿದ್ದು ಎಲ್ಲ ಹೋಯಿತು. ಅಷ್ಟು ಹೋಗಲೇಬೇಕಿತ್ತು, ಅದು ತಂತ್ರಜ್ಞಾನದ ಅಗತ್ಯ. ಆದರೆ ಅವರ ಹೆಸರು ಹೋಗಬೇಕಿರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 1969ರಲ್ಲಿ ಅಮೆರಿಕದ 'ದಿ ವಿನ್‌ಸ್ಟನ್ಸ್' ತಂಡದ 'ಆಮೆನ್, ಬ್ರದರ್' ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ಅನ್ನೋ ಕಪ್ಪು ಡ್ರಮ್ಮರ್ ಕೆಲವೇ ಸೆಕೆಂಡು ಒಬ್ಬರೇ ನುಡಿಸಿದರು. ಸ್ಯಾಂಪ್ಲರ್‌ಗಳು ಬಂದ ಮೇಲೆ ಹಿಪ್ ಹಾಪ್, ಜಂಗಲ್ ಸಂಗೀತದ ಸಾವಿರಾರು ಹಾಡುಗಳಿಗೆ ಆ ತುಣುಕೇ ತಳಪಾಯವಾಯಿತು. ಅದಕ್ಕೆ ಕೋಲ್ಮನ್‌ಗೆ ರಾಯಲ್ಟಿ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ಇರಲು ಮನೆಯೂ ಇರಲಿಲ್ಲ.

ನಮ್ಮಲ್ಲಿ ಇದರ ಜೊತೆಗೆ ಜಾತಿಯೂ ಸೇರಿಕೊಳ್ಳುತ್ತೆ. ಸಾವಿಗೂ ಜಾತ್ರೆಗೂ ತಮಟೆ ಬಡಿಯೋದು ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಇನ್ನು ಬಡಿಯೋಲ್ಲ ಅಂತ ತಮಟೆ ಕೆಳಗಿಟ್ಟವರಿದ್ದಾರೆ. ಅದನ್ನೇ ಹೋರಾಟದ ವಾದ್ಯ ಮಾಡಿಕೊಂಡವರೂ ಇದ್ದಾರೆ. ಎರಡೂ ಅವರವರ ತೀರ್ಮಾನ. ಆದರೆ ಸಂಬಳ ಕೊಟ್ಟು, ವೇದಿಕೆ ಹತ್ತಿಸಿ, ಕಲಾವಿದ ಅಂತ ಕರೆಯಬೇಕಾದ ಕಾಲ ಬಂದಾಗ, ಕೈಯನ್ನು ಬಿಟ್ಟು ಸದ್ದನ್ನಷ್ಟೇ ಇಟ್ಟುಕೊಳ್ಳುವ ಯಂತ್ರ ನಮಗೆ ಸಿಕ್ಕಿಬಿಟ್ಟಿದೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ. ಅದನ್ನು ಬಳಸುವ ನಮಗೆ ಚೆನ್ನಾಗಿ ಗೊತ್ತು.

ಕಾನೂನು ಏನನ್ನುತ್ತೆ? 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಇದೆ. ವಾದಕರೂ ಅದರಲ್ಲಿ ಬರುತ್ತಾರೆ, ಅದರ ಅವಧಿ 50 ವರ್ಷ. 2012ರ ತಿದ್ದುಪಡಿ 38ಬಿ ಸೆಕ್ಷನ್ ಸೇರಿಸಿ, ಪ್ರದರ್ಶಕರಾಗಿ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಒಂದೇ ಒಂದು ಏಟು 'ಪ್ರದರ್ಶನ' ಆಗುತ್ತಾ ಅಂತ ವಕೀಲರು ವಾದ ಮಾಡಬಹುದು. ಆದರೆ ಪೆನ್‌ಡ್ರೈವ್‌ನಲ್ಲಿ 'ಇಂಡಿಯನ್ ಟೋನ್ಸ್' ಮಾರುವವರು, ಕೊಳ್ಳುವ ನನ್ನಂಥವರು ಆ ಪ್ರಶ್ನೆಯವರೆಗೂ ಹೋಗೋದೇ ಇಲ್ಲ. ಅದು ಯಾರ ಕೈ ಅಂತ ಕೇಳೋದೂ ಇಲ್ಲ.

ಹಬ್ಬ ಮುಗಿದ ಮೇಲೆ ಅವರ ಮನೆಗೆ ಹೋದೆ. ಬೈತಾರೆ ಅಂದುಕೊಂಡಿದ್ದೆ. "ಏಟು ಚೆನ್ನಾಗೇ ಕೇಳ್ತು ಕಣಪ್ಪ. ಕೂಲಿ ಯಾರಿಗೆ ಹೋಯ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಲಿ ಬಂದದ್ದು ನನಗೇ.

ಸ್ಯಾಂಪಲ್ ಮಾಡೋದನ್ನು ನಿಲ್ಲಿಸಿ ಅಂತ ನಾನು ಹೇಳೋಲ್ಲ. ಹತ್ತು ಜನರ ತಂಡ ಕರೆಸಲಾಗದ ಬಡ ಹುಡುಗನಿಗೂ ಸಂಗೀತ ಮಾಡಲು ಅದು ದಾರಿ ಕೊಟ್ಟಿದೆ. ಆದರೆ ರೆಕಾರ್ಡ್ ಮಾಡುವ ಮುನ್ನ ಎಲ್ಲಿ ಬಳಸುತ್ತೀರಿ ಅಂತ ಹೇಳಿ, ಒಪ್ಪಿಗೆ ಪಡೆಯಿರಿ. ಅವತ್ತೇ ದುಡ್ಡು ಕೊಡಿ. ಫೈಲಿಗೆ ಅವರ ಹೆಸರಿಡಿ. ಮಾರಿದರೆ ಪಾಲು ಕೊಡಿ. ಅವರು ಬರಲು ಸಿದ್ಧರಿರುವ ವೇದಿಕೆಯಲ್ಲಿ ಅವರ ಸ್ಯಾಂಪಲ್ ಬಳಸಬೇಡಿ.

'ತಮಟೆ 1' ಹೆಸರನ್ನು ಬದಲಾಯಿಸಿದ್ದೇನೆ. ಮುಂದಿನ ಕಾರ್ಯಕ್ರಮಕ್ಕೆ ಅವರನ್ನೂ ಕರೆಯಿರಿ, ಇಲ್ಲದಿದ್ದರೆ ನನ್ನ ಕೀಬೋರ್ಡಲ್ಲಿ ತಮಟೆ ಇರೋಲ್ಲ ಅಂತ ಸಂಘಟಕರಿಗೆ ಹೇಳಿದ್ದೇನೆ. ಅವರಿನ್ನೂ ಉತ್ತರ ಕೊಟ್ಟಿಲ್ಲ.